ಎಳ್ಳಮಾವಾಸ್ಯೆಯ ದಿನ ಒಬ್ಬನೇ ನಡೆಯಲು ಹೋಗಿ

ಎಳ್ಳಮಾವಾಸ್ಯೆಯ ದಿನ ಬೀದರ ಜಿಲ್ಲೆಯ ಹೊಲಗಳ ನಡುವೆ ಒಬ್ಬನೇ ನಡೆಯುತ್ತ ಯೋಚನೆ ಮಾಡಬಹುದು ಎಂದು ನಂಬುವವನು ಪರ ಊರಿನವನಾಗಿರಬೇಕು, ಇಲ್ಲವೇ ವಿಪರೀತ ಓದಿದವನಾಗಿರಬೇಕು. ನಾನು ಈ ಜಿಲ್ಲೆಯಲ್ಲೇ ಹುಟ್ಟಿದವನು.

ಕೆಲವು ವರ್ಷಗಳ ಹಿಂದಿನ ಮಾತು. ಅವತ್ತು ಸಂಜೆ ಐದರೊಳಗೆ ನಾನು ಔರಾದಿನ ಒಂದು ಪ್ರೌಢಶಾಲೆಯ ಹೆಡ್‌ಮಾಸ್ತರರಿಗೆ ಫೋನ್ ಮಾಡಿ ಬರುತ್ತೇನೆಂದೋ ಇಲ್ಲವೆಂದೋ ಹೇಳಬೇಕಿತ್ತು. ಇತಿಹಾಸ ಕಲಿಸುವ ಕೆಲಸ, ಕಾಯಂ ಹುದ್ದೆ. ಆಗ ನಾನು ಬೀದರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿದ್ದೆ. ಎಷ್ಟೋ ವರ್ಷ ಒಂದೇ ಮನೆಯಲ್ಲಿ ಉಳಿದ ಅತಿಥಿಯನ್ನು ಮನೆಯವರು ಹೇಗೆ ನೋಡುತ್ತಾರೋ ಕಾಲೇಜೂ ನನ್ನನ್ನು ಹಾಗೇ ನೋಡುತ್ತಿತ್ತು. ಬೇಸಿಗೆ ಬಂದರೆ ನಾನು ಅಲ್ಲಿಯವನಲ್ಲ. ಮಳೆ ಶುರುವಾದ ಮೇಲೆ ಆದೇಶ ಬಂದರೆ ಮತ್ತೆ ಅಲ್ಲಿಯವನು. ವಿಶ್ವವಿದ್ಯಾಲಯದ ಹುದ್ದೆಗೆ ಹಾಕಿದ ಅರ್ಜಿ ಎಲ್ಲೋ ಒಂದು ಕಪಾಟಿನಲ್ಲಿ ಮಲಗಿತ್ತು. ಹಾಗಿದ್ದರೆ ಔರಾದಿಗೆ ಹೋಗುವುದಕ್ಕೆ ಅಡ್ಡಿ ಏನು? ಒಂದೇ ಅಡ್ಡಿ: ಕಮಲನಗರ.

ಎಂ.ಎ. ಮುಗಿಸಿದ ಹೊಸತರಲ್ಲಿ ಕಮಲನಗರದ ಶಾಲೆಯೊಂದರಲ್ಲಿ ಆರು ತಿಂಗಳು ಕಲಿಸಿದ್ದೆ. ಆ ಆರು ತಿಂಗಳು ನನಗೆ ನೆನಪಿರುವುದು ಹೀಗೆ: ಹಿಂದಿನ ಬೆಂಚುಗಳಲ್ಲಿ ಮರಾಠಿಯಲ್ಲಿ ಗುಸುಗುಸು, ನಾನು ಬೋರ್ಡಿನ ಕಡೆ ತಿರುಗಿದಾಗಲೆಲ್ಲ ನಗು, ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬನೇ ನಿಂತ ನಾನು. ಮಕ್ಕಳಿಗೆ ಕಲಿಸುವುದು ನನ್ನ ಕೈಲಾಗದ ಕೆಲಸ ಎಂದು ಅಂದೇ ತೀರ್ಮಾನಿಸಿದ್ದೆ. ಇತಿಹಾಸ ಓದಿದವನಾಗಿ ಒಬ್ಬನೇ ಸಾಕ್ಷಿಯ ಮಾತನ್ನು ನಂಬಬಾರದೆಂದು ತರಗತಿಯಲ್ಲಿ ಹೇಳುತ್ತೇನೆ. ಆದರೆ ಸಾಕ್ಷಿ ನಾನೇ ಆದಾಗ ಆ ಪಾಠ ಮರೆತುಹೋಗುತ್ತದೆ.

ರಜೆಯಿತ್ತು. ಬೆಳಿಗ್ಗೆ ಬಸ್ಸು ಹಿಡಿದು ಭಾಲ್ಕಿಗೆ ಬಂದೆ, ಅಲ್ಲಿಂದ ಭಾತಂಬ್ರಾ ಕಡೆಗೆ ಹೋಗುವ ಆಟೊ ಹತ್ತಿ ಒಂದು ಹಳ್ಳದ ಸೇತುವೆಯ ಹತ್ತಿರ ಇಳಿದೆ. ಹತ್ತು ವರ್ಷದವನಿದ್ದಾಗ ಅಪ್ಪನ ಜೊತೆ ಆ ಹಳ್ಳದ ದಂಡೆಯಲ್ಲಿ ನಡೆದದ್ದು ನೆನಪಿತ್ತು. ಬೀಳುಭೂಮಿ, ಬೋರೆಹಣ್ಣಿನ ಬಾರಿಕಂಟಿ, ದೂರದಲ್ಲಿ ಚಿಗರಿ ಜಿಂಕೆಗಳ ಹಿಂಡು, ನರಪಿಳ್ಳೆ ಇಲ್ಲ. ಜನರೆಲ್ಲ ಅವತ್ತು ಹೊಲಗಳಿಗೆ ಹೋಗುತ್ತಾರೆ, ಬೀಳುಭೂಮಿಗೆ ಯಾರು ಬರುತ್ತಾರೆ ಎಂಬುದು ನನ್ನ ಲೆಕ್ಕಾಚಾರ.

ಸೇತುವೆಯಿಂದ ಇಳಿದು ನೋಡಿದರೆ ಕಣ್ಣು ಹಾಯುವಷ್ಟು ದೂರ ತೊಗರಿ, ಕಡಲೆ, ಹಾಲುದೆನೆಯ ಬಿಳಿಜೋಳ. ಒಂದೊಂದು ಮರದ ನೆರಳಿಗೆ ಒಂದೊಂದು ಸಂಸಾರ. ಜೋಳದ ದಂಟಿನ ಕೊಂಪೆ ಕಟ್ಟಿ, ಒಳಗೆ ಐದು ಕಲ್ಲುಗಳನ್ನು ಪಾಂಡವರೆಂದು ಕೂರಿಸಿ, ಹೊಲದ ಸುತ್ತ ಕೂಗುತ್ತ ಭೂಮಿತಾಯಿಯ ಎಡೆಯಾದ ಚರಗ ಚೆಲ್ಲುತ್ತಿದ್ದರು. ಎಲ್ಲ ಕಡೆಯಿಂದ ಭಜ್ಜಿಯ ವಾಸನೆ. ಹಸಿಕಾಳು, ಸೊಪ್ಪು, ಕಡಲೆಹಿಟ್ಟು ಸೇರಿಸಿ ಕುದಿಸಿದ ಆ ಭಜ್ಜಿ ಈ ಒಂದು ದಿನ ಬಿಟ್ಟರೆ ನಮ್ಮಲ್ಲಿ ಅಷ್ಟು ರುಚಿಯಾಗುವುದಿಲ್ಲ. ಈ ದಿನದ ಕಟ್ಟಳೆ ಇನ್ನೂ ಒಂದಿದೆ: ಹೊಲದ ಪಕ್ಕ ಹಾದುಹೋಗುವವನನ್ನು ಉಣ್ಣಿಸದೆ ಕಳಿಸುವಂತಿಲ್ಲ.

ಐವತ್ತು ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ, ಬೇವಿನಗಿಡದ ಕೆಳಗಿಂದ ಹಿರಿಯರೊಬ್ಬರು ಕೂಗಿದರು.

"ಏ ಸರ, ಎತ್ಲಾಗ ಹೊಂಟೀರಿ? ಬರ್ರಿ, ಊಟಾ ಮಾಡಿ ಹೋಗ್ರಿ!"

"ಊಟ ಆಗೇದರಿ ಕಾಕಾ."

"ಯಾರ ಹೊಲದಾಗ?"

ಈ ಪ್ರಶ್ನೆಗೆ ನಾನು ತಯಾರಿರಲಿಲ್ಲ. "ಮನ್ಯಾಗ" ಅಂದೆ.

"ಇವತ್ತ ಮನ್ಯಾಗ ಉಂಡೀರಿ? ಯಾಕ, ಆರಾಮಿಲ್ಲೇನ್ರಿ?"

ಅಲ್ಲಿ ಒಂದು ಸಜ್ಜೆರೊಟ್ಟಿ ಮತ್ತು ಒಂದು ತಂಬಿಗೆ ಅಂಬಲಿ. ಅಲ್ಲಿಂದ ತಪ್ಪಿಸಿಕೊಂಡ ಮೇಲೆ ಯಾರಿಗೂ ಕಾಣಬಾರದೆಂದು ಹಳ್ಳದೊಳಗೇ ಇಳಿದು ನಡೆದೆ. ನೀರು ಪಾದ ಮುಳುಗುವಷ್ಟಿತ್ತು, ತಣ್ಣಗಿತ್ತು. ತಂತಿಯ ಮೇಲೆ ಕೂತಿದ್ದ ನೀಲಕಂಠವೊಂದು ಹಾರಿದಾಗ ರೆಕ್ಕೆಯೊಳಗಿನ ನೀಲಿ ಒಮ್ಮೆಲೆ ತೆರೆದುಕೊಂಡಿತು. ಬೆಳ್ಳಕ್ಕಿಗಳು ನನ್ನನ್ನು ಎಮ್ಮೆ ಎಂದುಕೊಂಡವೋ ಏನೋ, ಹಿಂದೆಯೇ ಬಂದವು. ಸರಿ, ಈಗ ಯೋಚನೆ ಮಾಡೋಣ ಎಂದುಕೊಂಡೆ. ಔರಾದಿಗೆ ಹೋಗದಿದ್ದರೆ ಇನ್ನು ಐದು ವರ್ಷಕ್ಕೆ ನಾನು ಎಲ್ಲಿರುತ್ತೇನೆ? ಹೋದರೆ?

"ನೀರಾಗ ಏನ್ ಹುಡುಕ್ಲತ್ತೀಯೋ ತಮ್ಮಾ? ಮ್ಯಾಲ ಬಾ, ಉಣ್ಣು!"

ದಂಡೆಯ ಮೇಲೆ ಮುದುಕಿಯೊಬ್ಬಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಹತ್ತಿ ಹೋದೆ. ಅವಳ ಜೊತೆ ಮೊಮ್ಮಗಳು ಮತ್ತು ಆ ಮೊಮ್ಮಗಳ ಗಂಡ ಇದ್ದರು. ಅವನು ಹೊಸ ಅಳಿಯನಂತೆ ಅಂಗಿಗೆ ಇಸ್ತ್ರಿ ಮಾಡಿಕೊಂಡು ಬಂದು ಚಾಪೆಯ ತುದಿಯಲ್ಲಿ ಕೂತಿದ್ದ. ತಾಟು ಬರುವಷ್ಟರಲ್ಲಿ ನಾನು ಕೇಳಿದೆ:

"ಆಯಿ, ಈ ಜಾಗಾ ಮೊದ್ಲ ಬೀಳಿತ್ತಲ್ರಿ? ಬಾರಿಕಂಟಿ, ಚಿಗರಿ..."

"ಯಾರ್ ಹೇಳ್ಯಾರ? ನಾ ಈ ಮನಿಗಿ ಸೊಸಿಯಾಗಿ ಬಂದಾಗಿಂದ ಇಲ್ಲಿ ತೊಗರಿನೇ. ಚಿಗರಿ ನಿನ್ನ ತಲ್ಯಾಗ ಮೇದಿರಬೇಕು."

ಅಳಿಯ ನನ್ನನ್ನೇ ದಿಟ್ಟಿಸಿ ನೋಡುತ್ತಿದ್ದ. ಥಟ್ಟನೆ ಎದ್ದ.

"ಗುರುಜಿ! ನೀವು ಕಮಲನಗರದಾಗ ಒಂಬತ್ತನೇ ಕ್ಲಾಸಿಗಿ ಇತಿಹಾಸ ತಗೋತಿದ್ರಲ್ರಿ?"

ಹಿಂದಿನ ಬೆಂಚಿನವನೊಬ್ಬ ಸಿಕ್ಕಿಬಿಟ್ಟ ಎಂದುಕೊಂಡು "ಹೌದು" ಅಂದೆ.

"ನಿಮ್ಮ ಪಾಠ ಮರಿಯೂದಿಲ್ರಿ ನಾ! ಆಯಿ, ಕೇಳು. ಒಂದಿನಾ ಪಾಠ ನಡದಾಗ ಗಂಟಿ ಹೊಡಿಯೂ ಸಾಲಿ ಸಿಪಾಯಿ ಒಳಗ ಬಂದು ಗುರುಜಿ ಜೋಡಿ ಜಗಳಾ ತಗದ. ಡಸ್ಟರ್ ಒಗದ, ಹೋದ. ನಾವೆಲ್ಲಾ ಗಾಬ್ರಿ. ಗುರುಜಿ ನಕ್ಕೊಂತ ಹೇಳಿದ್ರು, ಈಗ ಏನಾತು ಎಲ್ಲಾರೂ ಬರೀರಿ ಅಂತ. ನಲ್ವತ್ ಮಂದಿ ನಲ್ವತ್ ನಮೂನಿ ಬರದ್ವಿ. ಸಿಪಾಯಿ ಗುರುಜಿಗಿ ಹೊಡದ ಅಂತ ನಾ ಬರದಿದ್ದೆ."

"ಹೊಡೆದಿದ್ನೇನು?" ಅಂದೆ ನಾನು.

"ಮುಟ್ಟೇ ಇಲ್ರಿ! ನಾಟಕ ನೀವೇ ಮಾಡ್ಸಿದ್ದು. ಕಣ್ಣಿಲೆ ಕಂಡದ್ದೂ ಪರೀಕ್ಷಾ ಮಾಡ್ಬೇಕು ಅಂದ್ರಿ."

ಅವನ ಹೆಂಡತಿ ಭಜ್ಜಿ ಬಡಿಸುವುದನ್ನು ನಿಲ್ಲಿಸಿ ಸೌಟು ಹಿಡಿದೇ ನನ್ನ ಕಡೆ ತಿರುಗಿದಳು.

"ಅಂದ್ರ ಇದು ನಿಮ್ಮ ಕೆಲಸ ಏನ್ರಿ ಸರ? ಪಲ್ಯಾಕ್ಕ ಉಪ್ಪ ಹಾಕೀನಿ ಅಂದ್ರೂ ನಂಬೂದಿಲ್ಲ ಇವರು. ಎದ್ದು ಬಂದು ರುಚಿ ನೋಡ್ತಾರ. ಮನಿ ಮುರಿಯೂ ಪಾಠ ಕಲಿಸೀರಿ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಒಳಗೆ ಕಸಿವಿಸಿ. ಆ ಪಾಠ ನನಗೆ ಒಂದಿಷ್ಟೂ ನೆನಪಿರಲಿಲ್ಲ. ಅಂಥ ಪ್ರಯೋಗದ ಬಗ್ಗೆ ವಿಶ್ವವಿದ್ಯಾಲಯದಲ್ಲಿ ಕೇಳಿದ್ದೆ, ಮಾಡಬೇಕೆಂದು ಆಸೆಪಟ್ಟಿದ್ದೆ. ಮಾಡಿದ್ದೆನೇ?

"ಕೆಂಪು ಸ್ಕೂಟರ್ ಮ್ಯಾಲ ಬರ್ತಿದ್ರಿ ನೀವು" ಎಂದು ಅವನು ಮುಂದುವರಿಸಿದ. "ದಪ್ಪ ಮೀಸಿ ಬ್ಯಾರೆ!"

ಸ್ಕೂಟರು ಓಡಿಸಲು ನನಗೆ ಇವತ್ತಿಗೂ ಬರುವುದಿಲ್ಲ. ಮೀಸೆ ಯಾವತ್ತೂ ಬಿಟ್ಟವನಲ್ಲ. ಇವನು ಬೇರೆ ಯಾರನ್ನೋ ನೆನೆಸುತ್ತಿದ್ದಾನೆ. ಸುಮ್ಮನಿರಬಹುದಿತ್ತು, ಆದರೆ ಸುಮ್ಮನಿರುವುದು ನನ್ನ ಸ್ವಭಾವವಲ್ಲ. ಅದನ್ನು ಹೇಳಿಯೇಬಿಟ್ಟೆ. ಅವನು ಗೊಂದಲಕ್ಕೆ ಬಿದ್ದ.

"ಸ್ಕೂಟರ್ ಗಣಿತದವ್ರದ ಏನೋ... ಮೀಸಿನೂ ಅವ್ರದ ಇರಬೇಕು. ಆದ್ರ ಸಿಪಾಯಿ ಜಗಳಾ ನಿಮ್ಮದೇರಿ. ಬಹುಶಃ."

ಅಜ್ಜಿ ಕಡಬು ತಂದು ನನ್ನ ತಾಟಿಗೆ ಹಾಕಿದಳು. "ಇವ್ರಲ್ಲಂದ್ರ ಇವ್ರಂಥವ್ರು ಯಾರರೆ ಇದ್ದಾರು. ಉಣ್ಲಿ ಬಿಡು."

ಹೊಟ್ಟೆ ಭಾರವಾಗಿ ಹೊರಟೆ. ಬಿಸಿಲು ಇಳಿಮುಖವಾಗಿತ್ತು. ಜನ ಮರಗಳ ಕೆಳಗೆ ಅಡ್ಡಾಗಿದ್ದರು, ಯಾರೂ ಕೂಗಲಿಲ್ಲ. ಕಡಲೆಗಿಡದ ಹುಳಿ ಪ್ಯಾಂಟಿನ ತುದಿಗೆಲ್ಲ ಅಂಟಿತ್ತು. ಬೆಳಿಗ್ಗೆ ಹುಡುಕಿ ಬಂದಿದ್ದ ಏಕಾಂತ ಈಗ ತಾನಾಗಿ ಸಿಕ್ಕಿತ್ತು. ತೊಗರಿಯ ಹೊಲದಲ್ಲಿ ಚಿಗರಿ ಮೇಯಿಸಿದ ತಲೆ ನನ್ನದು. ಐದು ನಿಮಿಷದ ಜಗಳಕ್ಕೆ ನಲವತ್ತು ಕಥೆಗಳಿದ್ದರೆ, ಆರು ತಿಂಗಳ ಕಮಲನಗರಕ್ಕೆ ನನ್ನ ಬಳಿ ಇರುವುದು ಒಂದೇ ಕಥೆ, ಅದೂ ಬಸ್‌ಸ್ಟ್ಯಾಂಡಿನಲ್ಲಿ ನಿಂತವನು ಹೇಳಿದ್ದು. ಅದರ ಮೇಲೆ ಇಷ್ಟು ವರ್ಷ ತೀರ್ಪು ಕಟ್ಟಿದ್ದೆ. ಅಳಿಯನ ಮಾತನ್ನೂ ನಂಬುವಂತಿರಲಿಲ್ಲ, ಗಣಿತದವರ ಮೀಸೆಯನ್ನು ನನಗೆ ಅಂಟಿಸಿದವನು ಅವನು. ಆದರೂ ಆ ಪಾಠ ಮಾಡಿದ ಗುರುಜಿ ಯಾರೇ ಆಗಿರಲಿ, ಅವನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ನಾಳೆ ನಾನು ಏನಾಗಬೇಕೆಂದು ಇಷ್ಟು ಸ್ಪಷ್ಟವಾಗಿ ನನಗೆ ಯಾವತ್ತೂ ಅನಿಸಿರಲಿಲ್ಲ. ಆ ಅನಿಸಿಕೆಗೆ ಪುರಾವೆ ಕೇಳುವ ಮನಸ್ಸೂ ಆಗಲಿಲ್ಲ.

ಸೇತುವೆಯ ಮೇಲೆ ನಿಂತು ಔರಾದಿಗೆ ಫೋನ್ ಮಾಡಿದೆ. ಹೆಡ್‌ಮಾಸ್ತರರೂ ಚಿಂತಾಕಿ ಊರಿನ ಹತ್ತಿರದ ತಮ್ಮ ಹೊಲದಲ್ಲಿದ್ದರು. ಹಿಂದೆ ಹತ್ತಾರು ಜನರ ಗಲಾಟೆ.

"ಹಾಂ ಸರ! ಊಟ ಆತೇನ್ರಿ?"

"ಎರಡು ಸಲ ಆತ್ರಿ."

"ಹಂಗಾದ್ರ ಹೇಳ್ರಿ, ಬರ್ತೀರೋ ಇಲ್ಲೋ?"

"ಬರ್ತೇನಿ ಸರ. ಒಂದ್ ಮಾತು ಕೇಳೂದದ. ನಿಮ್ಮ ಸಾಲಿ ಸಿಪಾಯಿಗೆ ಜಗಳಾ ಆಡ್ಲಿಕ್ಕ ಬರ್ತದೇನ್ರಿ?"

"ಸರ, ಅವಗ ಬರೂದು ಅದೊಂದೇ ನೋಡ್ರಿ."

ಭಾಲ್ಕಿಗೆ ಹೋಗುವ ಆಟೊ ಇನ್ನೂ ಬಂದಿರಲಿಲ್ಲ. ಸೇತುವೆಯ ಕಟ್ಟೆಯ ಮೇಲೆ ಕೂತು, ಆ ಸಿಪಾಯಿ ಬಾಗಿಲು ದೂಡಿಕೊಂಡು ಬಂದ ಕೂಡಲೆ ಮೊದಲ ಮಾತು ಏನಾಡಬೇಕು ಎಂದು ಬರೆಯತೊಡಗಿದೆ.