ಪಾರ್ಸ್‌ಲೋ ಅಜ್ಜನ ಬಂದೂಕಿಗೆ ಹೊಸ ನಳಿಗೆ

ಯುದ್ಧ ಮುಗಿದ ಮೇಲೆ ಸಿಪಾಯಿ ಬಂದೂಕನ್ನು ಮನೆಗೆ ತರುವುದಿಲ್ಲ. ಅದು ಸರಕಾರದ ಸೊತ್ತು. ಸರಕಾರಕ್ಕೇ ಒಪ್ಪಿಸಿ ಊರಿಗೆ ಬರುತ್ತಾನೆ. ಇಷ್ಟು ಎಲ್ಲರಿಗೂ ಗೊತ್ತಿರಬೇಕಾದ ಮಾತು. ಆದರೂ ನಮ್ಮ ಕೊರಿಂಗಾ ಊರಿನಲ್ಲಿ, 1915ರಲ್ಲಿ ತುರ್ಕರ ಮೇಲೆ ನಡೆದ ಗಲಿಪೊಲಿ ಯುದ್ಧದಿಂದ ಅಜ್ಜ ಹೊತ್ತು ತಂದ ಬಂದೂಕು ಇಲ್ಲದ ಮನೆಯೇ ಇಲ್ಲ. ಎಲ್ಲರ ಮಾತನ್ನೂ ನಂಬುವುದಾದರೆ, ಆ ದಂಡು ಅರ್ಧ ಯುದ್ಧವನ್ನು ಕಲ್ಲು ತೂರಿಯೇ ಮಾಡಿರಬೇಕು.

ಈ ಅಜ್ಜಂದಿರ ಬಂದೂಕುಗಳಿಗೆಲ್ಲ ವೈದ್ಯ ಕ್ಲೆಮ್ ಡಫಿ. ರೈಲ್ವೆ ಕಾರ್ಯಾಗಾರದಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದವನು. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಹಳೆಯ ತ್ರೀ-ನಾಟ್-ತ್ರೀಗಳ ತುಕ್ಕು ಕೆರೆಯುತ್ತಾನೆ, ಮರಕ್ಕೆ ಅಗಸೆ ಎಣ್ಣೆ ತಿಕ್ಕುತ್ತಾನೆ, ಸವೆದ ನಳಿಗೆ ಬಿಚ್ಚಿ ಬೇರೆಯದನ್ನು ಕೂರಿಸುತ್ತಾನೆ. ಕೆಲಸ ಸಣ್ಣದು, ಮಡಿ ಮಾತ್ರ ಮಠದ ಸ್ವಾಮಿಗೂ ಮೀರಿದ್ದು. ಹದಿನೇಳನೇ ಇಸವಿಯ ಬಂದೂಕಿಗೆ ಇಪ್ಪತ್ತರ ಸ್ಕ್ರೂ ಹಾಕಿದವನ ಪಕ್ಕ ಕೂತು ಅವನು ಬಿಯರ್ ಕುಡಿಯುವುದಿಲ್ಲ. ಒಮ್ಮೆ ಊರಿನ ರೈಫಲ್ ಕ್ಲಬ್ಬಿನ ಹಿರಿಯನೊಬ್ಬ ಸತ್ತಾಗ ಶವಪೆಟ್ಟಿಗೆಯ ಮೇಲೆ ಬಂದೂಕು ಇಟ್ಟಿದ್ದರು. ಪಾದ್ರಿ ಪ್ರಾರ್ಥನೆ ಹೇಳುತ್ತಿದ್ದಾಗ ಕ್ಲೆಮ್ ಎಲ್ಲರಿಗೂ ಕೇಳುವಂತೆ ಗೊಣಗಿದ, “ಆ ಪಟ್ಟಿ ಕೊಂಡಿ ಎರಡನೇ ಯುದ್ಧದ್ದು ಕಣ್ರಯ್ಯ!” ವಿಧವೆ ಅಳುವುದನ್ನು ನಿಲ್ಲಿಸಿ ಕೊಂಡಿ ನೋಡಿದಳು.

“ನನ್ನ ಹುಟ್ಟಿದ ದಿನಾನೂ ಯಾವ್ದಾದ್ರೂ ಸ್ಕ್ರೂ ಮೇಲೆ ಹೊಡೆಸ್ಬೇಕಿತ್ತು. ಆಗ ನೆನಪಿರ್ತಿತ್ತೇನೋ,” ಎನ್ನುತ್ತಾಳೆ ಅವನ ಹೆಂಡತಿ ನೋಲಾ.

ಕ್ಲೆಮ್‌ನಿಗೆ ಬದುಕಿನಲ್ಲಿ ಇದ್ದದ್ದು ಒಂದೇ ಆಸೆ. ಏಪ್ರಿಲ್‌ನ ಆನ್ಜ್ಯಾಕ್ ದಿನ, ಗಲಿಪೊಲಿಯಲ್ಲಿ ಮಡಿದ ಸಿಪಾಯಿಗಳ ಬೆಳಗಿನ ಸ್ಮರಣೆ ಮುಗಿಸಿ, ಹಾಲಿಗೆ ರಮ್ ಬೆರೆಸಿ ಕುಡಿದ ಮೇಲೆ, ಊರೆಲ್ಲ ರೈಫಲ್ ಕ್ಲಬ್ಬಿನ ಮೈದಾನಕ್ಕೆ ಬರುತ್ತದೆ. ಅಲ್ಲಿ ಮೊದಲ ಗುಂಡು ಹಾರಿಸುವ ಮರ್ಯಾದೆ ಒಬ್ಬನಿಗೆ. ಯಾರಿಗೆಂದು ತೀರ್ಮಾನಿಸುವವನು ಕ್ಲಬ್ಬಿನ ಅಧ್ಯಕ್ಷ ರಸೆಲ್ ಪಾರ್ಸ್‌ಲೋ. ಸುತ್ತಲಿನ ಹುಲ್ಲುಗಾವಲೆಲ್ಲ ಅವನದು, ಅಭಿಪ್ರಾಯಗಳೂ ಅವನವೇ. ವರ್ಷ ವರ್ಷವೂ ಕ್ಲೆಮ್ ಶೂ ಹೊಳೆಸಿಕೊಂಡು ಹೋಗುತ್ತಿದ್ದ, ವರ್ಷ ವರ್ಷವೂ ಇನ್ಯಾರೋ ಹಾರಿಸುತ್ತಿದ್ದರು.

ಈ ಸಲ ಮಾರ್ಚ್‌ನಲ್ಲಿ ರಸೆಲ್ ತಾನೇ ಶೆಡ್ಡಿಗೆ ಬಂದ, ಕಂಬಳಿಯಲ್ಲಿ ಸುತ್ತಿದ ಬಂದೂಕಿನ ಜೊತೆ.

“ನಮ್ಮಜ್ಜ ಹೆಕ್ಟರ್‌ದು ಮಾರಾಯ. ನಳಿಗೆ ಪೂರ್ತಿ ಸವೆದೋಗಿದೆ, ಕೊಟ್ಟಿಗೆಗೆ ಗುರಿಯಿಟ್ರೂ ತಪ್ಪುತ್ತೆ. ಹೊಸದು ಹಾಕು. ಆನ್ಜ್ಯಾಕ್ ದಿನ ಇದ್ರಲ್ಲೇ ಮೊದಲ ಗುಂಡು, ಆಮೇಲೆ ಸಭಾಂಗಣದ ಗೋಡೆಗೆ. ಈ ಕಚ್ಚುಗಳ್ನ ಮಾತ್ರ ಮುಟ್ಬೇಡ.”

ಬಂದೂಕಿನ ಮರದ ಬುಡದಲ್ಲಿ ಚಾಕುವಿನಿಂದ ಕೊರೆದ ಏಳು ಕಚ್ಚುಗಳಿದ್ದವು.

“ಏಳು ಜನ ತುರ್ಕರು,” ಎಂದ ರಸೆಲ್, ತಾನೇ ಉರುಳಿಸಿ ಬಂದವನಂತೆ.

ಕ್ಲೆಮ್ ಅಭ್ಯಾಸಬಲದಿಂದ ಬಂದೂಕಿನ ಬಲಮಗ್ಗುಲನ್ನು ಬೆಳಕಿಗೆ ಹಿಡಿದ. ಕಿರೀಟದ ಮುದ್ರೆ, ಅದರ ಕೆಳಗೆ ತಯಾರಾದ ಇಸವಿ: 1925.

“ರಸೆಲ್, ಗಲಿಪೊಲಿ ಮುಗಿದು ಹತ್ತು ವರ್ಷ ಆದ್ಮೇಲೆ ಹುಟ್ಟಿದ ಬಂದೂಕು ಇದು.”

“ಹೌದಾ?”

“ಆಗ ನಿಮ್ಮಜ್ಜ ಎಲ್ಲಿದ್ದ?”

“ಉತ್ತರದಲ್ಲಿ. ದನ ಸಾಕ್ತಿದ್ದ. ಯಾಕೆ?”

ಯಾಕೆಂದು ಇಬ್ಬರಿಗೂ ಗೊತ್ತಿತ್ತು. ಉತ್ತರದ ದನದ ಸೀಮೆಯಲ್ಲಿ ಆ ಕಾಲಕ್ಕೆ ತುರ್ಕರು ಇರಲಿಲ್ಲ. ಆ ನೆಲದ ಮೂಲಜನ ಇದ್ದರು. ಒಂದು ದನಕ್ಕೆ ಈಟಿ ಬಿದ್ದರೆ ಕುದುರೆ ಹತ್ತಿದ ಬಿಳಿಯ ಗಂಡಸರು ಬಂದೂಕು ಹಿಡಿದು ಹೋಗುತ್ತಿದ್ದರು. ತಿರುಗಿ ಬಂದು, ‘ಕೊಂದ್ವಿ’ ಎನ್ನದೆ “ಚದುರಿಸಿ ಬಂದ್ವಿ” ಎಂದು ಹೇಳಿ ಊಟಕ್ಕೆ ಕೂರುತ್ತಿದ್ದರು. ನಮ್ಮೂರಲ್ಲಿ ಇದು ಎಲ್ಲರಿಗೂ ಗೊತ್ತು, ಯಾರಿಗೂ ನೆನಪಿಲ್ಲ.

ರಸೆಲ್ ಸ್ವರ ತಗ್ಗಿಸಿದ. “ಇಸವಿಲಿರೋ ಆ ಎರಡನ್ನ ಒಂದು ಮಾಡ್ಬಿಡು ಗುರು. ಹದಿನೈದು ಆಗುತ್ತೆ. ಒಂದೇ ಒಂದು ಅಂಕಿ. ಮೊದಲ ಗುಂಡು ನಿಂದೇ ಅನ್ಕೋ.”

ಕ್ಲೆಮ್ ಕೆಲಸಕ್ಕೆ ಕೂತ. ಮರ ಕಳಚಿ, ನಳಿಗೆಯನ್ನು ಮೇಜಿನ ವೈಸ್ ಇಕ್ಕಳದಲ್ಲಿ ಬಿಗಿದು, ಉದ್ದ ಪಾನಾ ಹಾಕಿ ಮೈಭಾರವೆಲ್ಲ ಬಿಟ್ಟು ಜಗ್ಗಿದ. ಜಪ್ಪಯ್ಯ ಅನ್ನಲಿಲ್ಲ. ಎಣ್ಣೆ ಬಿಟ್ಟು, ಬಿಸಿ ಮಾಡಿ, ಬೈದು, ಮತ್ತೆ ಜಗ್ಗಿದಾಗ ಮೂಳೆ ಮುರಿದ ಸದ್ದು ಮಾಡಿ ಸಡಿಲಾಯಿತು. ಹೊಸ ನಳಿಗೆಯನ್ನು ತಿರುಗಿಸಿ, ತುದಿಯ ಗುರಿಕಣ್ಣು ನೆಟ್ಟಗೆ ನಿಲ್ಲುವವರೆಗೆ ಬಿಗಿದ. ಉಳಿದದ್ದು ಆ ಅಂಕಿ. ಹಳೆಯ ಎರಡನ್ನು ಬೆಸುಗೆಯಿಂದ ತುಂಬಿ, ಉಜ್ಜಿ, ಅದರ ಮೇಲೆ ಒಂದು ಒತ್ತಬೇಕು. ಬೆಸುಗೆ ಕಡ್ಡಿ ಕೈಗೆತ್ತಿಕೊಂಡ. ಇಟ್ಟ. ಮತ್ತೆ ಎತ್ತಿಕೊಂಡ.

ನೋಲಾ ಚಹಾ ತಂದಾಗ ಕಡ್ಡಿ ಇನ್ನೂ ಅವನ ಕೈಯಲ್ಲೇ ಇತ್ತು.

“ಆಗಲ್ಲ ಕಣೇ. ಸುಳ್ಳು ಇಸವಿ ಹೊಡೆಯೋದಾ? ನಾನೇನು ಖದೀಮನಾ?”

“ಭೇಷ್ ಮುದುಕಾ. ಮೊದಲ ಗುಂಡು ಹೋದ್ರೂ ಪರವಾಗಿಲ್ವಾ?”

“ಹೋಗ್ಲಿ ಬಿಡು.” ಎದೆಯುಬ್ಬಿಸಿ ಅಂದ.

“ಸರಿ, ಹಾಗಾದ್ರೆ ಆ ಏಳು ಜನ ಯಾರು?”

“ನಾನು ನಳಿಗೆ ಹಾಕೋನು, ನೋಲಾ.”

“ಹೂಂ. ಗುಂಡಿ ತೋಡೋನೂ ಹಂಗೇ ಅಂತಾನೆ.” ಬಟ್ಟಲು ಇಟ್ಟು ಹೋದಳು.

ಅಂಕಿ ಮುಟ್ಟದೆ ಬಂದೂಕು ಒಪ್ಪಿಸಿದ ಕ್ಲೆಮ್ ಬೈಗುಳಕ್ಕೆ ಸಿದ್ಧನಾಗಿ ನಿಂತಿದ್ದ. ರಸೆಲ್ ಬೆನ್ನು ತಟ್ಟಿ ನಕ್ಕ. “ಅದಕ್ಯಾಕೆ ಇಷ್ಟು ತಲೆ ಕೆಡಿಸ್ಕೊಂಡೆ? ಬಲಮಗ್ಗುಲು ಗೋಡೆ ಕಡೆ ಮಾಡಿ ತೂಗಿಸಿದ್ರಾಯ್ತು. ಮೊದಲ ಗುಂಡು ನಿಂದೇ ಕಣೋ.”

ಕ್ಲೆಮ್ ಬೇಡ ಎನ್ನಬಹುದಿತ್ತು. ಬಾಯಿ ತೆರೆದ ಕೂಡ. ಹೊರಬಂದದ್ದು, “ಯಾವ ಹೊತ್ತಿಗೆ ಬರ್ಲಿ?”

ಹಾರಿಸಿದ. ಗುಂಡು ನಡುಗುರಿಗೇ ಹೋಯಿತು. ಊರು ಚಪ್ಪಾಳೆ ತಟ್ಟಿತು, ಹೆಂಗಸರು ಬಿಸ್ಕತ್ತು ಹಂಚಿದರು. ಸ್ಕ್ರೂ ಹೆಸರಲ್ಲಿ ಸಾವಿನ ಮನೆಯಲ್ಲೂ ಬಾಯಿ ಬಿಟ್ಟವನು, ಏಳು ಜೀವದ ಹೆಸರಲ್ಲಿ ತುಟಿ ಹೊಲಿದುಕೊಂಡು ಫೋಟೊಗೆ ನಿಂತ. ಲೋಹಕ್ಕೆ ಸುಳ್ಳು ಹೇಳದವನು ದೊಡ್ಡ ಮನುಷ್ಯ ಎಂದು ಈಗ ಊರೇ ಹೊಗಳುತ್ತದೆ.

ಬಂದೂಕು ಈಗಲೂ ಸಭಾಂಗಣದಲ್ಲಿದೆ, ಕೆಳಗೆ ‘ಗಲಿಪೊಲಿ, ಏಳು ಶತ್ರುಗಳು’ ಎಂಬ ಹಿತ್ತಾಳೆ ಫಲಕ. ಅದರಡಿ ತಲೆಬಾಗುವವರೇ, ಮುಂದಿನ ಸಲ ತಲೆ ಎತ್ತಿ. ಬಂದೂಕನ್ನು ಗೋಡೆಯಿಂದ ಇಳಿಸಿ, ತಿರುಗಿಸಿ, ಇಸವಿಯನ್ನು ಎಲ್ಲರಿಗೂ ಕೇಳುವಂತೆ ಓದಿ. ಆಮೇಲೆ ಅಲ್ಲೇ, ಮೈಕಿನಲ್ಲೇ, ಸತ್ತ ಆ ಏಳು ಜನ ಯಾರೆಂದು ರಸೆಲ್‌ನನ್ನು ಕೇಳಿ. ಉತ್ತರ ಬರುವವರೆಗೆ ಕೂರಬೇಡಿ.