ಮೊಲದ ಮಂಡಿ

ನಂದಿದುರ್ಗ ಚಿನ್ನದ ಗಣಿಯಲ್ಲಿ ಇಪ್ಪತ್ತೆಂಟು ವರ್ಷ ಸುರಂಗದ ಚಾವಣಿಗೆ ಮರದ ಆಸರೆ ಕಟ್ಟಿ ನಿವೃತ್ತನಾದ ಮುನಿಶಾಮಪ್ಪನಿಗೆ ಯಾರ ಹೊಲಮನೆಯ ಮೇಲೂ ಕಣ್ಣಿಲ್ಲ. ಕಣ್ಣೆಲ್ಲ ಊರವರ ಮಂಡಿಗಳ ಮೇಲೆ. ಮದುವೆಯೂಟದ ಪಂಕ್ತಿಯಲ್ಲಿ ಯಾರಾದರೂ ನೆಲಕ್ಕೆ ಕೈಯೂರದೆ ಎದ್ದರೆ ಅವನ ಬಾಯಲ್ಲಿದ್ದ ಪಾಯಸ ಕಹಿಯಾಗುತ್ತದೆ. ಮಾರಿಕುಪ್ಪಂ ರೈಲಿಗೆ ಓಡಿಹೋಗಿ ಹತ್ತುವ ಪಕ್ಕದ ಮನೆಯ ಬಚ್ಚಪ್ಪನ ಜೊತೆ ಮಾತು ಬಿಟ್ಟು ವರ್ಷವಾಯಿತು. ಹಿಂದೆ ಆಸರೆಮರ ಭಾರ ಹೊತ್ತಿದೆಯೋ ಇಲ್ಲವೋ ಎಂದು ತಟ್ಟಿ ಸದ್ದು ಕೇಳುತ್ತಿದ್ದ ಹಾಗೆಯೇ ಈಗ ತನ್ನ ಸವೆದುಹೋದ ಮಂಡಿಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಾನೆ. ಮೊನ್ನೆ ರಾಬರ್ಟ್‌ಸನ್‌ಪೇಟೆಯ ಡಾಕ್ಟರು ಪೇಪರಿನಲ್ಲಿ ಬಂದದ್ದನ್ನು ಓದಿ ಹೇಳಿದರು: ಪರದೇಶದಲ್ಲಿ ಮೊಲವೊಂದರ ಕೆಟ್ಟ ಮಂಡಿಯೊಳಗೆ ಪುಟ್ಟ ಚೌಕಟ್ಟು ಇಟ್ಟು, ಅದರಲ್ಲಿ ಮೂಳೆಯ ಮಜ್ಜೆಯಿಂದ ತೆಗೆದ, ಹೊಸದಾಗಿ ಬೆಳೆಯಬಲ್ಲ ಆಕರಕೋಶಗಳನ್ನು ಬಿತ್ತಿದರಂತೆ, ಹೊಸ ಮೆದುಮೂಳೆ ಬೆಳೆಯಿತಂತೆ, ಚೌಕಟ್ಟು ತಾನಾಗಿ ಕರಗಿತಂತೆ. ಅಂದಿನಿಂದ ಬಚ್ಚಪ್ಪನ ಮೇಲಿನ ಹೊಟ್ಟೆಕಿಚ್ಚೆಲ್ಲ ಆ ಮೊಲದ ಪಾಲಾಯಿತು. "ಅದು ಯಾವ ಗಣಿಗೆ ಇಳಿದಿತ್ತು ಸಾಮಿ?" ಎಂದು ಡಾಕ್ಟರ ಮೇಲೆಯೇ ರೇಗಿದ. ಆಮೇಲೆ ಗೋಡೆ ಹಿಡಿದು ಮೆಲ್ಲಗೆ ಎದ್ದು ಹೇಳಿದ: "ಅವರ ಚೌಕಟ್ಟು ಕರಗೋಗಿ ಮಂಡಿ ಉಳಕಂತು. ನಾನು ಕಟ್ಟಿದ ಮರ ಇವತ್ತೂ ಕೆಳಗೆ ನಿಂತೈತೆ. ಕರಗಿದ್ದು ನನ್ನ ಮಂಡಿ."