ಮೈಕಿನಲ್ಲಿ ಕರೆದ ಹೆಸರುಗಳು

ಆ ಹುಡುಗಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬಡಾವಣೆಯ ನಿವಾಸಿಗಳ ಸಂಘದ ಕಚೇರಿಯಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ. ಅಲ್ಲಿ ಒಂದು ತಿಂಗಳು ಕೂತೂ ಸಿಟ್ಟು ಬಾರದವರ ಮೈಯಲ್ಲಿ ರಕ್ತವಿಲ್ಲ ಎಂದೇ ಅರ್ಥ. ಅವಳು ಕಾಲೇಜಿನಿಂದ ಇಂಟರ್ನ್ ಆಗಿ ಬಂದವಳು. ಪಾಸಾಗಲು ಸಂಘದ ಕಾರ್ಯದರ್ಶಿಯ ಸಹಿ ಬೇಕಿತ್ತು. ಬಡಾವಣೆಯ ಉಚಿತ ಕಿವಿ ತಪಾಸಣಾ ಶಿಬಿರಕ್ಕೆ ಪ್ರಚಾರ ಮಾಡುವುದು ಅವಳ ಕೆಲಸ.

ಕಾರ್ಯದರ್ಶಿಯ ಲೆಕ್ಕದಲ್ಲಿ ಪ್ರಚಾರವೆಂದರೆ ವ್ಯಾನಿಗೆ ಮೈಕು ಕಟ್ಟಿ ತನ್ನ ಹೆಸರು ಕೂಗಿಸುವುದು.

"ಸರ್, ಕಿವಿ ಕೇಳದವರಿಗೆ ಮೈಕಲ್ಲಿ ಹೇಳಿದ್ರೆ ಹೇಗೆ ಗೊತ್ತಾಗುತ್ತೆ?" ಎಂದು ಕೇಳಿದಳು.

"ಜೋರಾಗಿ ಹೇಳಿಸ್ತೀವಮ್ಮ."

ಸಮಿತಿಯವರೆಲ್ಲ ತಲೆಯಾಡಿಸಿದರು. ಒಬ್ಬರಿಗೂ ನಗು ಬರಲಿಲ್ಲ.

ಹಲ್ಲು ಕಚ್ಚಿಕೊಂಡು ಹೊರಟಳು. ದಪ್ಪ ಅಕ್ಷರದಲ್ಲಿ ಚೀಟಿ ಬರೆದು ಮನೆಮನೆಗೆ ಅಲೆದಳು. ಬಾಗಿಲಲ್ಲಿ ಸೊಸೆಯಂದಿರು, "ಅವ್ರಿಗೆ ಕೇಳಿಸಲ್ಲ, ನನ್ನ ಹತ್ರ ಹೇಳಿ" ಎನ್ನುತ್ತಿದ್ದರು. ಇವಳು ಬಿಡುತ್ತಿರಲಿಲ್ಲ. ಒಳಗೆ ಹೋಗಿ, ಮುದುಕರ ಕೈಗೇ ಚೀಟಿ ಕೊಟ್ಟು, ಅವರು ಓದಿ ಮುಗಿಸುವ ತನಕ ಎದುರಿಗೆ ನಿಲ್ಲುತ್ತಿದ್ದಳು. ಐವತ್ತನಾಲ್ಕು ಜನ ಹೆಸರು ಬರೆಸಿದರು.

ಅದರಲ್ಲಿ ನಲವತ್ತೊಂದನೆಯ ಹೆಸರು ಅವಳ ತಾತನದು, ಅಮ್ಮನ ಅಪ್ಪ. ಬಟ್ಟೆ ಗಿರಣಿಯಲ್ಲಿ ಮೂವತ್ತು ವರ್ಷ ದುಡಿದು ಕಿವಿ ಅಲ್ಲೇ ಬಿಟ್ಟು ಬಂದವರು. ಕಿವಿಗೆ ಬಾಯಿಟ್ಟು ಕೂಗಿದರೆ ಮಾತ್ರ ಕೇಳುತ್ತಿತ್ತು. ಕೂಗುವ ತಾಳ್ಮೆ ಮನೆಯಲ್ಲಿ ಯಾರಿಗೂ ಉಳಿದಿರಲಿಲ್ಲ. ಊಟಕ್ಕೆ ಕೂತಾಗ ತಾತ ಎಲ್ಲರ ಬಾಯಿ ನೋಡುತ್ತ, ಎಲ್ಲರೂ ನಕ್ಕ ಮೇಲೆ ತಾವೂ ನಗುತ್ತಿದ್ದರು. ಶಿಬಿರದ ದಿನ ತಪಾಸಣೆ ಆದವರಿಗಷ್ಟೇ ಕಿವಿಯ ಮಿಷನ್ ಸಿಗುತ್ತಿತ್ತು. ತಪಾಸಣೆಯವರು ಒಂದು ಗಂಟೆಗೆ ಹೊರಟುಬಿಡುವವರು.

ಆ ದಿನ ಒಂಬತ್ತಕ್ಕೇ ಸಭಾಂಗಣ ತುಂಬಿತ್ತು. ತಾತ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೂರನೇ ಸಾಲಿನಲ್ಲಿ ಕೂತಿದ್ದರು. ಹುಡುಗಿಯನ್ನು ಗೇಟಿನಲ್ಲಿ ನಿಲ್ಲಿಸಿದರು, ಅತಿಥಿಗಳಿಗೆ ದಾರಿ ತೋರಿಸಲು. ಅವಳು ಒಳಗೆ ಬರುವಾಗ ಹನ್ನೊಂದೂವರೆ. ಕಾರ್ಯದರ್ಶಿ ವೇದಿಕೆಯ ಮೇಲೆ ನಿಂತು ಪಟ್ಟಿ ಹಿಡಿದು ಹೆಸರು ಕರೆಯುತ್ತಿದ್ದ. ಮೈಕಿನಲ್ಲಿ! ಮೂರು ಸಲ ಕರೆಯುವುದು, ಯಾರೂ ಏಳದಿದ್ದರೆ 'ಗೈರುಹಾಜರು' ಎಂದು ಗೀಟು ಎಳೆಯುವುದು. ಕೆಳಗೆ ಕೂತವರಿಗೆ ಅದು ಬರೀ ಗುಂಯ್ ಎನ್ನುವ ಸದ್ದು. ಮನೆಯವರ ಜೊತೆ ಬಂದಿದ್ದ ಏಳು ಜನ ಮಾತ್ರ ಒಳಕೋಣೆಗೆ ಹೋಗಿದ್ದರು.

"ನೋಡಮ್ಮ ನಿನ್ನ ಪ್ರಚಾರದ ಹಣೆಬರಹ," ಎಂದ ಕಾರ್ಯದರ್ಶಿ. "ಐವತ್ತನಾಲ್ಕರಲ್ಲಿ ಬಂದಿರೋದು ಏಳೇ ಜನ."

"ಎದುರಿಗೆ ಕೂತಿರೋರು ಯಾರು ಸರ್?"

"ಅವ್ರು ಕಾರ್ಯಕ್ರಮ ನೋಡೋಕೆ ಬಂದಿರೋರು."

ಸಿಟ್ಟು ನೆತ್ತಿಗೇರಿತು. ಪಟ್ಟಿಯನ್ನು ಅವನ ಕೈಯಿಂದ ಕಿತ್ತುಕೊಂಡು, ಮೈಕಿನ ವೈರು ಎಳೆದು ಬಿಸಾಕಿದಳು.

"ಸಹಿ ಹಾಕ್ಬೇಕಾದೋನು ನಾನು, ನೆನಪಿರಲಿ!"

"ಹಾಕ್ಬೇಡಿ ಹೋಗಿ!"

ಮೈಕು ಸತ್ತದ್ದು ಕೆಳಗೆ ಯಾರಿಗೂ ಗೊತ್ತಾಗಲಿಲ್ಲ. ಅವಳು ಕುರ್ಚಿಯಿಂದ ಕುರ್ಚಿಗೆ ಓಡಿ ಪಟ್ಟಿ ತೋರಿಸಿದಳು. ಒಬ್ಬೊಬ್ಬರೂ ತಮ್ಮ ಹೆಸರಿನ ಮೇಲೆ ಬೆರಳಿಟ್ಟು ಎದ್ದರು. ತಾತನನ್ನು ಮೊದಲೇ ಕಳಿಸಬಹುದಿತ್ತು. ಆದರೆ ಇದ್ದದ್ದು ಒಂದೂವರೆ ಗಂಟೆ, ಉಳಿದವರೂ ಯಾರದೋ ಅಜ್ಜಿ ತಾತಂದಿರೇ. ಪಟ್ಟಿಯ ಸಾಲು ತಪ್ಪಿಸಲು ಅವಳಿಗೆ ಮನಸ್ಸಾಗಲಿಲ್ಲ. ಮೂವತ್ತಾರನೆಯವರು ಹೊರಬರುವಷ್ಟರಲ್ಲಿ ಗಂಟೆ ಒಂದಾಯಿತು. ಅವಳು ಅತ್ತಳು, ಬೈದಳು, ಕೈ ಮುಗಿದಳು. ತಪಾಸಣೆಯವರು ಕ್ಯಾರೇ ಅನ್ನದೆ ಪೆಟ್ಟಿಗೆ ಮುಚ್ಚಿದರು.

ತಾತ ಎದ್ದು ಅವಳ ಹತ್ತಿರ ಬಂದರು. ತಮ್ಮ ದನಿ ಎಷ್ಟು ದೊಡ್ಡದೆಂದು ಅವರಿಗೆ ಗೊತ್ತಿರಲಿಲ್ಲ.

"ಪುಟ್ಟಿ, ಆ ಮನುಷ್ಯ ಬೆಳಗ್ಗಿಂದ ಮೈಕ್ ಹಿಡ್ಕೊಂಡು ಏನ್ ಹೇಳ್ತಿದ್ದ?"

ಅವಳು ತಾತನ ಕಿವಿಗೆ ಬಾಯಿಟ್ಟು, ಇಡೀ ಸಭಾಂಗಣಕ್ಕೆ ಕೇಳುವಂತೆ ಕೂಗಿದಳು:

"ನೀನು ಬಂದೇ ಇಲ್ಲ ಅಂತ ಹೇಳ್ತಿದ್ದ, ತಾತ!"